ಎ ಲವ್ ಸುಪ್ರೀಮ್: ಕೇಳುಗರ ಪ್ರತಿಕ್ರಿಯೆಗಳು

ಎ ಲವ್ ಸುಪ್ರೀಮ್ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ (1926–67) ಅವರ ಪ್ರಸಿದ್ಧ ಜಾಝ್ ಧ್ವನಿಮುದ್ರಿಕೆ. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊದಲ್ಲಿ ಮುದ್ರಣಗೊಂಡು, 1965ರ ಆರಂಭದಲ್ಲಿ ಇಂಪಲ್ಸ್ ಸಂಸ್ಥೆಯಿಂದ ಹೊರಬಂತು. ಜಾಝ್‌ನ ಆಧ್ಯಾತ್ಮಿಕ ಧಾರೆಯಲ್ಲಿ ಇದಕ್ಕೆ ಮೂಲಕೃತಿಯ ಸ್ಥಾನವಿದೆ. ಸುಮಾರು 33 ನಿಮಿಷಗಳ ಈ ಕೃತಿಯಲ್ಲಿ ಕೆಲವರು ಪ್ರಾರ್ಥನೆಯನ್ನು ಕೇಳಿದ್ದಾರೆ, ಕೆಲವರು ರಚನಾ ಕೌಶಲವನ್ನು, ಕೆಲವರು ಒಂದು ಜನಾಂಗದ ನೋವು ಮತ್ತು ಬಿಡುಗಡೆಯ ಹಂಬಲವನ್ನು. ಕೋಲ್ಟ್ರೇನ್ ಅವರ ವಾದನವನ್ನೇ ಒಪ್ಪದವರೂ ಇದ್ದರು.

ಹಿನ್ನೆಲೆ

ಕೋಲ್ಟ್ರೇನ್ ಹುಟ್ಟಿದ್ದು ಉತ್ತರ ಕೆರೊಲಿನಾದ ಹ್ಯಾಮ್ಲೆಟ್‌ನಲ್ಲಿ. ತಂದೆಯ ತಂದೆ, ತಾಯಿಯ ತಂದೆ ಇಬ್ಬರೂ ಆಫ್ರಿಕನ್-ಅಮೆರಿಕನ್ ಮೆಥಡಿಸ್ಟ್ ಚರ್ಚಿನ ಬೋಧಕರು. ಹೀಗಾಗಿ ಬೋಧನೆಯ ಏರಿಳಿತ ಬಾಲ್ಯದಿಂದಲೇ ಅವರ ಕಿವಿಗೆ ಪರಿಚಿತ. ಹೆರಾಯಿನ್ ಮತ್ತು ಮದ್ಯದ ಚಟದಿಂದಾಗಿ 1957ರಲ್ಲಿ ಅವರು ಮೈಲ್ಸ್ ಡೇವಿಸ್ ಅವರ ತಂಡದಲ್ಲಿದ್ದ ಸ್ಥಾನವನ್ನು ಕಳೆದುಕೊಂಡರು. ಅದೇ ವರ್ಷ ಚಟವನ್ನು ಬಿಟ್ಟರು. ಆ ಸಮಯದಲ್ಲಿ ತಮಗೆ ಆಧ್ಯಾತ್ಮಿಕ ಎಚ್ಚರ ಉಂಟಾಯಿತೆಂದು ಅವರು ಈ ಧ್ವನಿಮುದ್ರಿಕೆಯ ಹೊದಿಕೆಯಲ್ಲಿ ಅಚ್ಚಾದ ಪತ್ರದಲ್ಲಿ ಬರೆದಿದ್ದಾರೆ. ಕೃತಿಯನ್ನು ದೇವರಿಗೆ ಅರ್ಪಿಸಿ, ಪತ್ರದ ಜೊತೆಗೆ ತಾವೇ ಬರೆದ ಒಂದು ಪದ್ಯವನ್ನೂ ಕೊಟ್ಟಿದ್ದಾರೆ.

ಕೃತಿಯ ಸ್ವರೂಪ

ಪಿಯಾನೊದಲ್ಲಿ ಮಕಾಯ್ ಟೈನರ್, ಬೇಸ್‌ನಲ್ಲಿ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್ ಜೊತೆಗಾರರು. ಕೃತಿಗೆ ನಾಲ್ಕು ಭಾಗಗಳಿವೆ: ‘ಅಕ್ನಾಲೆಜ್‌ಮೆಂಟ್’, ‘ರೆಸಲ್ಯೂಷನ್’, ‘ಪರ್ಸುಯೆನ್ಸ್’ ಮತ್ತು ‘ಸಾಮ್’. ಕನ್ನಡದಲ್ಲಿ ಇವನ್ನು ಅಂಗೀಕಾರ, ಸಂಕಲ್ಪ, ಅನ್ವೇಷಣೆ, ಕೀರ್ತನೆ ಎನ್ನಬಹುದು. ಕನ್ನಡ ಬೈಬಲ್ಲಿನಲ್ಲಿ ‘ಸಾಮ್’ಗಳಿಗೆ ಇರುವ ಹೆಸರೂ ಕೀರ್ತನೆಗಳೆಂದೇ. ಮೊದಲ ಭಾಗಕ್ಕೆ ಆಧಾರ ಬೇಸ್ ನುಡಿಸುವ ನಾಲ್ಕು ಸ್ವರಗಳ ಒಂದು ಸಣ್ಣ ಗುಚ್ಛ. ಕೋಲ್ಟ್ರೇನ್ ಅದನ್ನು ಹನ್ನೆರಡು ಶ್ರುತಿಗಳಲ್ಲೂ ನುಡಿಸಿ, ಬಳಿಕ ಸ್ಯಾಕ್ಸೊಫೋನ್ ಕೆಳಗಿಟ್ಟು, ಕೃತಿಯ ಹೆಸರನ್ನೇ ಅದೇ ಸ್ವರಗಳಲ್ಲಿ ಜಪದಂತೆ ಹೇಳುತ್ತಾರೆ.

ಮೊದಲ ಸ್ವಾಗತ

ಡೌನ್‌ಬೀಟ್ ಪತ್ರಿಕೆಯಲ್ಲಿ ವಿಮರ್ಶಕ ಡಾನ್ ಡಿಮೈಕಲ್ 1965ರಲ್ಲಿ ಈ ಧ್ವನಿಮುದ್ರಿಕೆಗೆ ಐದಕ್ಕೆ ಐದು ತಾರೆಗಳನ್ನು ನೀಡಿದರು. ಅದೇ ವರ್ಷ ಆ ಪತ್ರಿಕೆಯ ಓದುಗರು ಇದನ್ನು ವರ್ಷದ ಧ್ವನಿಮುದ್ರಿಕೆಯಾಗಿ ಆರಿಸಿದರು. ನಾಲ್ಕೇ ವರ್ಷಗಳ ಹಿಂದೆ ಪರಿಸ್ಥಿತಿ ಬೇರೆಯಾಗಿತ್ತು. 1961ರ ನವೆಂಬರ್‌ನಲ್ಲಿ ಜಾನ್ ಟೈನನ್ ಅದೇ ಪತ್ರಿಕೆಯಲ್ಲಿ ಕೋಲ್ಟ್ರೇನ್ ಮತ್ತು ಎರಿಕ್ ಡಾಲ್ಫಿ ಅವರ ವಾದನವನ್ನು ಜಾಝ್-ವಿರೋಧಿ ಎಂದು ಕರೆದಿದ್ದರು. ಅದಕ್ಕೆ ಇಬ್ಬರು ವಾದಕರೂ 1962ರಲ್ಲಿ ಅಲ್ಲಿಯೇ ಸೌಜನ್ಯದಿಂದ ಉತ್ತರಿಸಿದ್ದರು.

ಒಪ್ಪದವರು

1961ರಿಂದ 1971ರವರೆಗೆ ಡೇಲಿ ಟೆಲಿಗ್ರಾಫ್‌ನಲ್ಲಿ ಜಾಝ್ ವಿಮರ್ಶೆ ಬರೆದ ಇಂಗ್ಲೆಂಡಿನ ಕವಿ ಫಿಲಿಪ್ ಲಾರ್ಕಿನ್ ಕೋಲ್ಟ್ರೇನ್ ಅವರ ಸಂಗೀತವನ್ನು ಕೊನೆಯವರೆಗೂ ಮೆಚ್ಚಲಿಲ್ಲ. ಅವರಿಗೆ ಪ್ರಿಯವಾಗಿದ್ದು ಹಳೆಯ ಜಾಝ್‌ನ ನಲಿವು. ಈ ದೀರ್ಘ, ತೀವ್ರ ವಾದನದಲ್ಲಿ ಅದು ಅವರಿಗೆ ಸಿಗಲಿಲ್ಲ.

ಸಿತಾರ್ ವಾದಕ ರವಿ ಶಂಕರ್ ಅವರ ಆಕ್ಷೇಪದ ಬಗೆ ಬೇರೆ. ಕೋಲ್ಟ್ರೇನ್ ಭಾರತೀಯ ಸಂಗೀತದ ವಿಷಯವನ್ನು ರವಿ ಶಂಕರ್ ಅವರಿಂದ ತಿಳಿದುಕೊಂಡವರು. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟವರು. ಆದರೂ ಯೋಗ, ಭಗವದ್ಗೀತೆಗಳತ್ತ ಒಲಿದ ಮನುಷ್ಯನ ಸಂಗೀತದಲ್ಲಿ ಇಷ್ಟೊಂದು ತಳಮಳ ಏಕೆ ಎಂಬುದು ರವಿ ಶಂಕರ್ ಅವರನ್ನು ಕಾಡಿತು. ಸಂಗೀತ ಶಾಂತಿಯತ್ತ ಒಯ್ಯಬೇಕೆಂಬ ನಂಬಿಕೆ ಅವರದು. ಕೋಲ್ಟ್ರೇನ್ ಬೆಳೆದ ಚರ್ಚಿನಲ್ಲಾದರೋ ಭಕ್ತಿ ಕೂಗಿ, ಅತ್ತು, ಮೈದುಂಬಿ ಹೊರಡುವಂಥದು. ಎರಡು ಭಕ್ತಿ ಸಂಪ್ರದಾಯಗಳ ಅಂತರವೇ ಇಲ್ಲಿ ಅಭಿಪ್ರಾಯಭೇದವಾಗಿ ಕಾಣಿಸಿಕೊಂಡಿದೆ.

ಧ್ವನಿಮುದ್ರಿಕೆಯನ್ನು ಮೆಚ್ಚಿದವರಲ್ಲೂ ಹಲವರು ಕೋಲ್ಟ್ರೇನ್ ಅವರ ಮುಂದಿನ ಹೆಜ್ಜೆಯಲ್ಲಿ ಹಿಂದುಳಿದರು. 1965ರ ಜೂನ್‌ನಲ್ಲಿ ಹನ್ನೊಂದು ವಾದಕರ ತಂಡದಲ್ಲಿ ಮುದ್ರಿಸಿದ ‘ಅಸೆನ್ಷನ್’, ಅಕ್ಟೋಬರ್‌ನಲ್ಲಿ ಗೀತೆಯ ಪಠಣವನ್ನೂ ಸೇರಿಸಿ ಮುದ್ರಿಸಿದ ‘ಓಂ’ ಕೇಳುಗರನ್ನು ಇಬ್ಭಾಗ ಮಾಡಿದವು. ಒಳಗಿನವರೂ ಇದಕ್ಕೆ ಹೊರತಾಗಲಿಲ್ಲ. ಹೆಚ್ಚಿದ ಸದ್ದಿನಲ್ಲಿ ತಮ್ಮ ಪಿಯಾನೊ ತಮಗೇ ಕೇಳಿಸುವುದಿಲ್ಲವೆಂದು ಟೈನರ್ 1965ರ ಕೊನೆಗೆ ತಂಡ ಬಿಟ್ಟರು. ಸ್ವಲ್ಪ ಕಾಲದಲ್ಲೇ ಜೋನ್ಸ್ ಕೂಡ ಹೊರನಡೆದರು.

ಹೋರಾಟದ ದನಿಯಾಗಿ

1963ರ ಸೆಪ್ಟೆಂಬರ್ 15ರಂದು ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಚರ್ಚೊಂದರಲ್ಲಿ ಜನಾಂಗದ್ವೇಷಿಗಳ ಬಾಂಬಿಗೆ ನಾಲ್ವರು ಬಾಲಕಿಯರು ಬಲಿಯಾದರು. ಅದಾದ ಎರಡು ತಿಂಗಳಲ್ಲಿ ಕೋಲ್ಟ್ರೇನ್ ‘ಅಲಬಾಮ’ ಎಂಬ ಶೋಕಕೃತಿಯನ್ನು ಮುದ್ರಿಸಿದರು. ಇದನ್ನು ಬಲ್ಲ ಆಫ್ರಿಕನ್-ಅಮೆರಿಕನ್ ಕವಿಗಳಿಗೂ ತರುಣರಿಗೂ ಎ ಲವ್ ಸುಪ್ರೀಮ್ ಖಾಸಗಿ ಪ್ರಾರ್ಥನೆಯಾಗಿ ಮಾತ್ರ ಕೇಳಿಸಲಿಲ್ಲ. ತಮ್ಮ ಜನರ ಸ್ವಾಭಿಮಾನದ ಘೋಷಣೆಯಾಗಿಯೂ ಕೇಳಿಸಿತು. ಕೋಲ್ಟ್ರೇನ್ ಸ್ವತಃ ರಾಜಕೀಯ ಭಾಷಣ ಮಾಡಿದವರಲ್ಲ. ಹೊದಿಕೆಯ ಮೇಲೆ ದೇವರನ್ನಷ್ಟೇ ಹೆಸರಿಸಿದ ಕೃತಿ ಒಂದು ಸಮುದಾಯದ ಬದುಕಿನಿಂದಾಗಿ ಈ ಅರ್ಥವನ್ನೂ ಪಡೆಯಿತು.

ಕೇಳುಗರು ಭಕ್ತರಾದದ್ದು

1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೋಲ್ಟ್ರೇನ್ ಅವರ ಕಛೇರಿ ಕೇಳಿದ ಫ್ರಾನ್ಜೊ ಕಿಂಗ್ ಮತ್ತು ಮರೀನಾ ಕಿಂಗ್ ದಂಪತಿ ಅದನ್ನು ತಮ್ಮ ನಾದ-ದೀಕ್ಷೆಯೆಂದು ಭಾವಿಸಿದರು. ಮುಂದೆ ಅವರು ಕಟ್ಟಿದ ಚರ್ಚಿನಲ್ಲಿ ಈ ಧ್ವನಿಮುದ್ರಿಕೆಯೇ ಆರಾಧನೆಯ ಭಾಗವಾಯಿತು. 1982ರಲ್ಲಿ ಅದು ಆಫ್ರಿಕನ್ ಆರ್ಥೊಡಾಕ್ಸ್ ಚರ್ಚಿಗೆ ಸೇರಿತು. ಕೋಲ್ಟ್ರೇನ್ ಅಲ್ಲಿ ಸಂತರೆನಿಸಿದರು. ಅದಕ್ಕೆ ಒಂದು ವರ್ಷ ಮೊದಲು, ಪತಿಯ ಹೆಸರಿನ ಬಳಕೆಯನ್ನು ಆಕ್ಷೇಪಿಸಿ ಆಲಿಸ್ ಕೋಲ್ಟ್ರೇನ್ ಈ ಚರ್ಚಿನ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರು.

ಪಿಯಾನೊ ಮತ್ತು ಹಾರ್ಪ್ ವಾದಕಿಯಾದ ಆಲಿಸ್ ಅವರ ಕೇಳ್ಮೆ ಇನ್ನೊಂದು ಬಗೆಯದು. 1972ರ ‘ವರ್ಲ್ಡ್ ಗ್ಯಾಲಕ್ಸಿ’ಯಲ್ಲಿ ಅವರು ಈ ಕೃತಿಯನ್ನು ತಂತಿವಾದ್ಯಗಳ ಮೇಳದೊಡನೆ ಹೊಸದಾಗಿ ನುಡಿಸಿದರು, ಅದರಲ್ಲಿ ಸ್ವಾಮಿ ಸಚ್ಚಿದಾನಂದರ ದನಿಯೂ ಇದೆ. 1973ರಲ್ಲಿ ಗಿಟಾರ್ ವಾದಕರಾದ ಕಾರ್ಲೋಸ್ ಸಂಟಾನ ಮತ್ತು ಜಾನ್ ಮೆಕ್‌ಲಾಫ್ಲಿನ್, ಇಬ್ಬರೂ ಶ್ರೀ ಚಿನ್ಮೊಯ್ ಅವರ ಶಿಷ್ಯರು, ರಾಕ್ ಶೈಲಿಯಲ್ಲಿ ಇದನ್ನು ಮುದ್ರಿಸಿದರು. ಒಂದು ಕ್ರೈಸ್ತ ಮನೆತನದ ಪ್ರಾರ್ಥನೆ ಹೀಗೆ ಭಾರತೀಯ ಗುರುಗಳ ಶಿಷ್ಯರಿಗೂ ಸಾಧನೆಯ ದಾರಿಯಾಯಿತು.

ಪದ್ಯ ಮತ್ತು ವಾದನ

ಕೊನೆಯ ಭಾಗವಾದ ‘ಸಾಮ್’ ಲಯದ ಕಟ್ಟಿಲ್ಲದೆ ಸಾಗುತ್ತದೆ. ಬಹುಮಂದಿ ಅದನ್ನು ಸ್ವಚ್ಛಂದ ವಾದನವೆಂದು ಕೇಳುತ್ತಿದ್ದರು. ಸಂಗೀತಶಾಸ್ತ್ರಜ್ಞ ಲೂಯಿಸ್ ಪೋರ್ಟರ್ 1985ರ ಲೇಖನದಲ್ಲಿ ತೋರಿಸಿದಂತೆ, ಕೋಲ್ಟ್ರೇನ್ ಅಲ್ಲಿ ಹೊದಿಕೆಯ ಪದ್ಯವನ್ನೇ ಅಕ್ಷರ ಅಕ್ಷರವಾಗಿ ಸ್ಯಾಕ್ಸೊಫೋನ್‌ನಲ್ಲಿ ಓದುತ್ತಿದ್ದಾರೆ. ಅಂದರೆ ಪ್ರಾರ್ಥನೆಯೆಂದವರೂ ರಚನೆಯೆಂದವರೂ ಸರಿಯಾಗಿಯೇ ಕೇಳಿದ್ದರು. ಪ್ರಾರ್ಥನೆಯ ಮಾತೇ ಇಲ್ಲಿ ರಚನೆಯ ಕಟ್ಟು.

ಸ್ಥಾನ

1965ರ ಅಕ್ಟೋಬರ್ 2ರಂದು ಸಿಯಾಟಲ್‌ನ ಪೆಂಟ್‌ಹೌಸ್ ಕ್ಲಬ್ಬಿನಲ್ಲಿ ದೊಡ್ಡ ತಂಡದೊಡನೆ ನುಡಿಸಿದ ಇದೇ ಕೃತಿಯ ಮುದ್ರಣ 2021ರಲ್ಲಿ ಬಿಡುಗಡೆಯಾಯಿತು. ಸ್ಟುಡಿಯೊದ 33 ನಿಮಿಷಗಳು ಅಲ್ಲಿ ಎರಡು ಪಟ್ಟಿಗೂ ಮಿಗಿಲಾಗಿ ಬೆಳೆದಿವೆ. ಕೋಲ್ಟ್ರೇನ್ ಅವರಿಗೇ ಇದು ಒಮ್ಮೆ ಮುಗಿಸಿಟ್ಟ ಕೃತಿಯಾಗಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮೂಲ ಮುದ್ರಣವನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದೆ. ಮೊದಲ ಬಾರಿ ಕೇಳುವವರು ಕೊನೆಯ ಭಾಗವನ್ನು ಎರಡು ಸಲ ಕೇಳುವುದು ಒಳ್ಳೆಯದು: ಒಮ್ಮೆ ಏನನ್ನೂ ಓದದೆ, ಇನ್ನೊಮ್ಮೆ ಪದ್ಯವನ್ನು ಎದುರಿಗಿಟ್ಟುಕೊಂಡು. ಅರವತ್ತು ವರ್ಷಗಳಿಂದ ಕೇಳುಗರು ಏಕೆ ಬೇರೆ ಬೇರೆಯಾಗಿ ಮಾತನಾಡಿದ್ದಾರೆಂದು ಆಗ ತಮ್ಮ ಕಿವಿಯಿಂದಲೇ ತಿಳಿಯುತ್ತದೆ.