ತಪ್ಪು ಲೆಕ್ಕದ ಜಾಡು: ಕರ್ನಾಟಕದಲ್ಲಿ ಗಣಿತ ಪರಿಹಾರ ಬೋಧನೆ

ಗಣಿತದಲ್ಲಿ ಹಿಂದುಳಿದ ಮಗುವಿಗೆ ಕೊಡುವ ವಿಶೇಷ ನೆರವಿಗೆ ಶಾಲೆಗಳಲ್ಲಿ ಪರಿಹಾರ ಬೋಧನೆ ಎಂಬ ಹೆಸರಿದೆ. ಈಚಿನ ವರ್ಷಗಳಲ್ಲಿ ಈ ಹೆಸರು ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳ ಸಂಜೆ ತರಗತಿಗೆ, ಅಲ್ಲಿ ಹಂಚುವ ‘ಪಾಸಿಂಗ್ ಪ್ಯಾಕೇಜ್’ಗೆ ಅಂಟಿಕೊಂಡುಬಿಟ್ಟಿದೆ. ಪರೀಕ್ಷೆಗೆ ಬರಬಹುದಾದ ಕೆಲವೇ ಪ್ರಶ್ನೆಗಳನ್ನು ಉರು ಹೊಡೆಸಿ ಉತ್ತೀರ್ಣ ಅಂಕ ಮುಟ್ಟಿಸುವುದು ಆ ಪ್ಯಾಕೇಜಿನ ಗುರಿ. ಪರಿಹಾರ ಬೋಧನೆಯ ಹರಹು ಇದಕ್ಕಿಂತ ಬಹಳ ದೊಡ್ಡದು. ಮಗು ಎಲ್ಲಿ ಎಡವಿತು, ಏಕೆ ಎಡವಿತು ಎಂದು ತಿಳಿದು ಅಲ್ಲಿಂದಲೇ ಕೈಹಿಡಿದು ನಡೆಸುವುದು ಅದರ ತಿರುಳು.

ಕನ್ನಡ ನಾಡಿನಲ್ಲಿ ಗಣಿತ ಬೋಧನೆಗೆ ದೀರ್ಘ ಪರಂಪರೆಯಿದೆ. 9ನೇ ಶತಮಾನದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ, 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಗ್ರಂಥಗಳನ್ನು ರಚಿಸಿದರು. ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಂಕಿ ತಿದ್ದುತ್ತಿದ್ದರು. ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನು ಕೂಗಿ ಒಪ್ಪಿಸುತ್ತಿದ್ದರು. ಕಲಿತ ಹಿರಿಯ ಹುಡುಗ ಕಿರಿಯರಿಗೆ ಹೇಳಿಕೊಡುವ ಪದ್ಧತಿ ದಕ್ಷಿಣದ ಇಂಥ ಶಾಲೆಗಳಲ್ಲಿ ಬಳಕೆಯಲ್ಲಿತ್ತು. ಮದರಾಸಿನಲ್ಲಿ ಅದನ್ನು ಪ್ರಯೋಗಿಸಿದ ಆಂಡ್ರೂ ಬೆಲ್ 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಪದ್ಧತಿ ಇಂಗ್ಲೆಂಡಿನಲ್ಲಿ ‘ಮದರಾಸ್ ವ್ಯವಸ್ಥೆ’ ಎಂದು ಹೆಸರಾಯಿತು. ಒಂದೇ ತರಗತಿಗೆ ಒಂದೇ ಪಾಠ ಎಂಬ ಸರ್ಕಾರಿ ಶಾಲೆಯ ಕ್ರಮ ನೆಲೆಯೂರಿದ ಮೇಲೆ ಹಿಂದೆ ಬಿದ್ದ ಮಗುವಿಗೆ ಉಳಿದದ್ದು ಎರಡೇ ದಾರಿ: ಅದೇ ತರಗತಿಯಲ್ಲಿ ಮತ್ತೊಂದು ವರ್ಷ, ಇಲ್ಲವೇ ಮನೆಪಾಠ.

ತಪ್ಪನ್ನೇ ಅಧ್ಯಯನದ ವಸ್ತುವಾಗಿಸಿದ ಕೆಲಸ ಗಟ್ಟಿಯಾಗಿ ನಡೆದದ್ದು ಅಮೆರಿಕದಲ್ಲಿ. ಗೈ ಬಸ್ವೆಲ್ ಮತ್ತು ಲೆನೋರ್ ಜಾನ್ 1926ರಲ್ಲಿ ಮಕ್ಕಳು ಲೆಕ್ಕ ಮಾಡುವ ಬಗೆಗಳನ್ನು ಗಮನಿಸಿ ಪಟ್ಟಿ ಮಾಡಿದರು. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ವ್ಯವಕಲನದ ತಪ್ಪುಗಳ ಹಿಂದೆ ನಿಯಮಗಳಿರುವುದನ್ನು ಕಂಪ್ಯೂಟರ್ ಮಾದರಿಯಿಂದ ತೋರಿಸಿದರು. 52ರಲ್ಲಿ 27 ಕಳೆದು 35 ಎಂದು ಬರೆಯುವ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯುತ್ತಿರುತ್ತದೆ. ಅದು ಪಾಲಿಸುತ್ತಿರುವ ನಿಯಮ ತಪ್ಪು. ಆದರೆ ಅದನ್ನು ನಿಷ್ಠೆಯಿಂದ ಪಾಲಿಸುತ್ತಿದೆ. ಅದೇ ಬಗೆಯ ಇನ್ನಷ್ಟು ಲೆಕ್ಕ ಕೊಟ್ಟರೆ ಆ ನಿಯಮವೇ ಬೇರು ಬಿಡುತ್ತದೆ. ಐದು ದಶಕ ಎರಡು ಬಿಡಿಯನ್ನು ನಾಲ್ಕು ದಶಕ ಹನ್ನೆರಡು ಬಿಡಿ ಎಂದು ಕಡ್ಡಿ ಕಟ್ಟು ಬಿಚ್ಚಿ ತೋರಿಸಿದಾಗ ಮಾತ್ರ ಅದು ಸಡಿಲುತ್ತದೆ. ಈ ಒಂದು ತಿಳಿವಳಿಕೆ ಇಡೀ ಕ್ಷೇತ್ರದ ಅಡಿಗಲ್ಲು.

ಭಾರತದಲ್ಲಿ ಆರ್.ಎಚ್. ದವೆ ಸಮಿತಿ 1991ರಲ್ಲಿ ಕನಿಷ್ಠ ಕಲಿಕಾ ಮಟ್ಟಗಳನ್ನು ಗೊತ್ತುಮಾಡಿತು. ಯಾವ ತರಗತಿಯ ಮಗುವಿಗೆ ಏನು ಬರಬೇಕು ಎಂಬ ಅಳತೆ ಸಿಕ್ಕಿತು; ಬಾರದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಶಿಕ್ಷಕರ ಪಾಲಿಗೆ ಉಳಿಯಿತು. ಆ ಪ್ರಶ್ನೆಗೆ ಕರ್ನಾಟಕದ ಶಿಕ್ಷಕರೇ ಕಂಡುಕೊಂಡ ಉತ್ತರ ನಲಿ-ಕಲಿ. ರಿಷಿ ವ್ಯಾಲಿಯ ಶಾಲಾ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಮೊಳಕೆಯೊಡೆಯಿತು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಹಬ್ಬಿತು.

ನಲಿ-ಕಲಿಯಲ್ಲಿ ಗಣಿತ ಒಂದು ಕಲಿಕಾ ಏಣಿ. ಏಣಿಯನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಕಾರ್ಡುಗಳಾಗಿ ಬಿಡಿಸಿರುತ್ತಾರೆ. ಒಂದು ಕಾರ್ಡು ಎಣಿಸಲು, ಒಂದು ಆಡಲು, ಒಂದು ಅಭ್ಯಾಸಕ್ಕೆ, ಒಂದು ಮೌಲ್ಯಮಾಪನಕ್ಕೆ. ಮಕ್ಕಳು ತಮಗೆ ಬೇಕಾದ ನೆರವಿಗೆ ತಕ್ಕಂತೆ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ: ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಭಾಗಶಃ, ಮತ್ತೊಂದಕ್ಕೆ ಗೆಳೆಯರದು, ಕೊನೆಯದು ಸ್ವಕಲಿಕೆ. ಸುಗ್ಗಿಗೋ ಜಾತ್ರೆಗೋ ಹತ್ತು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದು, ತಾನು ಬಿಟ್ಟ ಕಾರ್ಡನ್ನೇ ಎತ್ತಿಕೊಳ್ಳುತ್ತದೆ. ಪರಿಹಾರ ಬೋಧನೆಗೆಂದು ಬೇರೆ ಗಂಟೆ, ಬೇರೆ ಬೆಂಚು, ‘ದಡ್ಡ’ ಎಂಬ ಹಣೆಪಟ್ಟಿ ಬೇಕಾಗಲಿಲ್ಲ. ನೆರವು ತರಗತಿಯ ಸಹಜ ನಡೆಯೊಳಗೇ ಸೇರಿಕೊಂಡಿತು. ಈ ಸಾಧನೆಗೆ ಸಲ್ಲಬೇಕಾದ ಮನ್ನಣೆ ಇಂದಿಗೂ ಪೂರ್ತಿ ಸಂದಿಲ್ಲ. ವಿಸ್ತರಣೆಯ ಭರದಲ್ಲಿ ಕಾರ್ಡುಗಳ ಕೊರತೆ, ತುಂಬಬೇಕಾದ ದಾಖಲೆಗಳ ಹೊರೆ ಶಿಕ್ಷಕರನ್ನು ಬಳಲಿಸಿದ್ದೂ ನಿಜ. ಆ ದೋಷ ಆಡಳಿತದ್ದು, ವಿಧಾನದ್ದಲ್ಲ.

ಇದೇ ಕಾಲದಲ್ಲಿ ಪ್ರಥಮ್ ಸಂಸ್ಥೆಯ ಬಾಲಸಖಿ ಕಾರ್ಯಕ್ರಮ ಮುಂಬೈ ಮತ್ತು ವಡೋದರಾದಲ್ಲಿ ನಡೆಯಿತು. 3 ಮತ್ತು 4ನೇ ತರಗತಿಯಲ್ಲಿ ಹಿಂದುಳಿದ ಮಕ್ಕಳಿಗೆ ಅದೇ ಬಡಾವಣೆಯ ಯುವತಿಯೊಬ್ಬಳು ದಿನಕ್ಕೆ ಎರಡು ಗಂಟೆ ಪಾಠ ಹೇಳುತ್ತಿದ್ದಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅತಿ ಹಿಂದುಳಿದವರಿಗೇ ಹೆಚ್ಚು ಲಾಭವಾದದ್ದನ್ನು ತೋರಿಸಿತು. ಕಾರ್ಯಕ್ರಮದಿಂದ ಹೊರಬಂದ ಒಂದು ವರ್ಷದಲ್ಲಿ ಆ ಗಳಿಕೆಯ ಹೆಚ್ಚಿನ ಭಾಗ ಕರಗಿತ್ತು ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ. ತರಗತಿಯ ಬದಲು ಮಟ್ಟ ನೋಡಿ ಕಲಿಸುವ ವಿಧಾನ ಇಲ್ಲಿಂದ ಬೆಳೆಯಿತು. ಮಕ್ಕಳ ಕಲಿಕೆಯನ್ನು ಅಳೆಯಲು 2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆ ಸಮಸ್ಯೆಯ ಗಾತ್ರವನ್ನು ದೇಶದ ಮುಂದಿಟ್ಟಿತು: ಗ್ರಾಮೀಣ ಭಾರತದ 5ನೇ ತರಗತಿಯವರಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 2018ರಲ್ಲಿ ಶೇ. 27.8, ಕೋವಿಡ್ ನಂತರ 2022ರಲ್ಲಿ ಶೇ. 25.6.

ಬೆಂಗಳೂರಿನ ಅಕ್ಷರ ಫೌಂಡೇಶನ್ ಸರ್ಕಾರದೊಂದಿಗೆ ಕೈಜೋಡಿಸಿ ರೂಪಿಸಿದ ಗಣಿತ ಕಲಿಕಾ ಆಂದೋಲನ 4 ಮತ್ತು 5ನೇ ತರಗತಿಗಳಿಗೆ ಕಲಿಕೋಪಕರಣಗಳ ಕಿಟ್ ತಂದಿತು. ಮಕ್ಕಳು ಭಿನ್ನರಾಶಿಯನ್ನು ಕೈಯಲ್ಲಿ ಹಿಡಿದು ಹೋಲಿಸಿದರು, ಆಟದ ನೋಟು ಬಿಡಿಸಿ ದಶಕ ತಿಳಿದರು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ಲೆಕ್ಕದ ವಿಷಯವನ್ನು ಊರಿನ ಕಟ್ಟೆಗೆ ತಂದವು. ಮಗುವಿನ ಕಲಿಕೆ ಪೋಷಕರ ಕಣ್ಣಿಗೆ ಬಿದ್ದದ್ದು ಆಂದೋಲನದ ದೊಡ್ಡ ಗಳಿಕೆ.

ನೀತಿಯ ಮಟ್ಟದಲ್ಲೂ ಹೆಜ್ಜೆಗಳು ಬಿದ್ದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತದ ಭಯವನ್ನು ಹೆಸರಿಟ್ಟು ಚರ್ಚಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರ ಖಾಸಗಿ ಮನೆಪಾಠವನ್ನು ನಿಷೇಧಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಲೆಕ್ಕ ಕಲಿಯುವಲ್ಲಿನ ತೊಡಕಾದ ಡಿಸ್‌ಕ್ಯಾಲ್ಕುಲಿಯಾವನ್ನೂ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಮಾನ್ಯತೆ ಕೊಟ್ಟಿತು. ಕೋವಿಡ್ ಬಳಿಕ ಕರ್ನಾಟಕ 2022-23ನೇ ಸಾಲನ್ನು ಕಲಿಕಾ ಚೇತರಿಕೆಯ ವರ್ಷವಾಗಿ ನಡೆಸಿ, ಹಿಂದಿನ ತರಗತಿಗಳ ಕಲಿಕೆಯನ್ನು ತುಂಬಿಕೊಡುವ ಕಲಿಕಾ ಹಾಳೆಗಳನ್ನು ಒದಗಿಸಿತು.

ಉಳಿದಿರುವ ಖಾಲಿ ಜಾಗಗಳು ಮೂರು. ಕನ್ನಡದ ಮಕ್ಕಳು ಮಾಡುವ ತಪ್ಪುಗಳ ವ್ಯವಸ್ಥಿತ ಸಂಗ್ರಹ ಶಿಕ್ಷಕರ ಕೈಗೆ ಬಂದಿಲ್ಲ. ‘ಮುನ್ನೂರ ಐದು’ ಎಂದು ಕೇಳಿ 3005 ಎಂದು ಬರೆಯುವುದನ್ನು ಕಿರಿಯ ತರಗತಿಯ ಶಿಕ್ಷಕರು ಬಲ್ಲರು. ಆ ಬಲ್ಲತನ ಅವರ ನಿವೃತ್ತಿಯೊಂದಿಗೆ ಕಳೆದುಹೋಗುತ್ತಿದೆ. ಎರಡನೆಯದು 6ರಿಂದ 10ನೇ ತರಗತಿಯ ಅವಧಿ. ಋಣ ಸಂಖ್ಯೆ, ಭಿನ್ನರಾಶಿ, ಬೀಜಗಣಿತದಲ್ಲಿ ಮಗು ಎಡವುವ ಈ ವರ್ಷಗಳಲ್ಲಿ ಏಣಿಯೂ ಇಲ್ಲ, ತಟ್ಟೆಯೂ ಇಲ್ಲ. ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಜೂನ್ ತಿಂಗಳ ಸೇತುಬಂಧ ಮುಗಿದರೆ ನೆರವು ಹೆಚ್ಚಾಗಿ ಮತ್ತೆ ಕಾಣುವುದು ಹತ್ತನೆಯ ತರಗತಿಯ ಕೊನೆಯಲ್ಲಿ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎನ್ನುವ ಹುಡುಗಿಗೆ ಆಗ ಪ್ಯಾಕೇಜು ಅಂಕ ಕೊಡಿಸಬಹುದು, ಭಿನ್ನರಾಶಿ ಕೊಡಿಸಲಾರದು. ಮೂರನೆಯದು ಸಮಯ. ಬಾಲಸಖಿಯ ಗಳಿಕೆ ಕರಗಿದ್ದು ನೆರವು ನಿಂತ ಮೇಲೆ. ನಲಿ-ಕಲಿಯಲ್ಲಿ ನೆರವು ದಿನಚರಿಯ ಭಾಗ. ಹಾಗೆ ನೆರವು ನಿಲ್ಲದಿರಲು ಶಿಕ್ಷಕರ ವೇಳಾಪಟ್ಟಿಯಲ್ಲಿ ಪ್ರತಿ ವಾರ, ಪ್ರತಿ ತರಗತಿಗೂ ತಪ್ಪು ಲೆಕ್ಕಗಳನ್ನು ಮಗುವಿನೊಂದಿಗೆ ಕೂತು ನೋಡುವ ಅವಧಿಯೊಂದು ಸೇರಬೇಕಾಗಿದೆ.