ಜಲಸಂಗಿಯ ಬರೆಯುವ ಹೆಣ್ಣು

ಬೀದರಕ್ಕೆ ಬಂದ ನೆಂಟರಿಗೆ ನಾವು ತೋರಿಸುವುದು ಕೋಟೆ, ಮಹಮೂದ್ ಗವಾನನ ಮದರಸಾ, ಝರಣಿ ನರಸಿಂಹ. ಅಲ್ಲಿಗೆ ಮುಗಿಯಿತು. ಔರಾದದಲ್ಲಿ ಹುಟ್ಟಿ, ಭಾಲ್ಕಿಯಲ್ಲಿ ಹದಿನೆಂಟು ವರ್ಷ ಪಾಠ ಹೇಳಿ, ಬೀದರದಲ್ಲಿ ಮನೆ ಕಟ್ಟಿದ ನಾನು ಕೂಡ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯನ್ನು ನೋಡಿದ್ದು ಐವತ್ತು ದಾಟಿದ ಮೇಲೆ. ಅದೂ ಎಂಟನೆಯ ತರಗತಿಯ ಹುಡುಗಿಯರ ನೆಪದಿಂದ.

ಚಾಲುಕ್ಯರ ಕಾಲದ ಶಿವನ ಗುಡಿ ಅದು. ಹೊರಗೋಡೆಯ ತುಂಬ ಶಿಲಾಬಾಲಿಕೆಯರು. ಕುಣಿಯುವ, ಸಿಂಗರಿಸಿಕೊಳ್ಳುವ ಹೆಣ್ಣುಗಳನ್ನು ಬೇಲೂರಿನಲ್ಲಿಯೂ ನೋಡಿದ್ದೆ. ಇಲ್ಲಿ ಒಬ್ಬಳು ಮೈ ಬಾಗಿಸಿ ನಿಂತು ಬರೆಯುತ್ತಿದ್ದಾಳೆ! ಹುಡುಗಿಯರೆಲ್ಲ ಅಲ್ಲಿಯೇ ಗುಂಪುಗೂಡಿದರು.

"ಏನ್ ಬರೀಲತ್ತಾಳ್ರಿ ಟೀಚರ್?"

ಸಂಸ್ಕೃತದಲ್ಲಿ ರಾಜನ ಹೊಗಳಿಕೆ ಬರೆಯುತ್ತಿದ್ದಾಳೆ ಎಂದೆ. ಆ ರಾಜ ಆರನೆಯ ವಿಕ್ರಮಾದಿತ್ಯ. 1076ರಿಂದ 1126ರವರೆಗೆ ಕಲ್ಯಾಣದಿಂದ, ಅಂದರೆ ನಮ್ಮ ಬಸವಕಲ್ಯಾಣದಿಂದ ಆಳಿದವನು. ಪಟ್ಟವೇರಿದ ವರ್ಷದಿಂದ ತನ್ನ ಹೆಸರಿನದೇ ಶಕೆ ಆರಂಭಿಸಿದವನು. ರಾಜರ ಹೊಗಳಿಕೆಗೆ ಕಲ್ಲುಗಳಿಗೇನು ಬರವೇ! ಆದರೆ ಬರೆಯುವವಳು ಹೆಣ್ಣು ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು.

ಇದೇ ರಾಜನ ಕಾಲದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆ ಬಿಟ್ಟರೆ ದೇಶದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಯ ತಕರಾರು ಶತಮಾನಗಳ ಕಾಲ ಬಗೆಹರಿದದ್ದು ಅದರ ಮೇಲೆಯೇ. ಪಾಲಾಗಿ ಬೇರೆಯಾದ ಗಂಡ ಗಂಡುಸಂತಾನವಿಲ್ಲದೆ ತೀರಿಕೊಂಡರೆ ಆಸ್ತಿ ಮೊದಲು ಹೆಂಡತಿಗೆ, ಆಕೆಯ ನಂತರ ಮಗಳಿಗೆ ಎನ್ನುತ್ತದೆ ಅದು. ಸ್ತ್ರೀಧನವೆಂದರೆ ತವರಿನವರು ಕೊಟ್ಟ ಒಡವೆಯಷ್ಟೇ ಅಲ್ಲವೆಂದೂ ವಾದಿಸುತ್ತದೆ.

ಅಜ್ಜಿಯ ನೆನಪಾಯಿತು. ಅಜ್ಜ ಅಣ್ಣತಮ್ಮಂದಿರಿಂದ ಪಾಲು ತೆಗೆದುಕೊಂಡು ಔರಾದದಲ್ಲಿ ಬೇರೆ ಒಲೆ ಹೂಡಿದ್ದ. 1946ರಲ್ಲಿ ಅವನು ತೀರಿಕೊಂಡಾಗ ಇದ್ದವಳು ಒಬ್ಬಳೇ ಮಗಳು, ನನ್ನ ಅವ್ವ. ನಿಜಾಮರ ಆಳ್ವಿಕೆ, ಕಚೇರಿಯ ಕಾಗದವೆಲ್ಲ ಉರ್ದು. ಅಜ್ಜಿಗೆ ಕನ್ನಡವೇ ಓದಲು ಬಾರದು. ಮೈದುನರು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಬಾವಿಯ ಹೊಲ ಹೋಯಿತು. "ಕಂದಾಯದ ಕಾಗದ ಅಂದಿದ್ರು" ಎಂದು ಸಾಯುವವರೆಗೂ ಹೇಳುತ್ತಿದ್ದಳು. ಆಕೆಯ ಪರವಾದ ಮಾತು ಬರೆದಿಟ್ಟು ಆಗಲೇ ಎಂಟು ನೂರು ವರ್ಷ ದಾಟಿತ್ತು, ಅದೂ ನಮ್ಮ ಸೀಮೆಯಲ್ಲಿಯೇ.

"ಆಕೀಗಿ ಅಕ್ಷರ ಯಾರ್ ಕಲಿಸಿದ್ರಿ?" ಎಂದಳು ಒಬ್ಬ ಹುಡುಗಿ. ಮುಂದಿನ ವರ್ಷ ಶಾಲೆ ಬಿಡಿಸುತ್ತೇವೆಂದು ಮನೆಯವರು ಹೇಳಿಹೋಗಿದ್ದುದು ಅವಳನ್ನೇ. ನಾನು ಉತ್ತರ ಕೊಡಲಿಲ್ಲ. ಮರುದಿನ ಸಂಜೆ ಅವರ ಮನೆಗೆ ಹೋದೆ. ತಂದೆ ಚಹಾ ಕೊಟ್ಟರು, ಹತ್ತನೆಯವರೆಗೆ ಓದಿಸುತ್ತೇನೆಂದರು.

ಆ ಭಾನುವಾರ ಅವ್ವನ ಟ್ರಂಕಿನಲ್ಲಿದ್ದ ಹಳೆಯ ಕಾಗದದ ನಕಲು ತೆಗೆದು, ನಮ್ಮ ಶಾಲೆಯ ಉರ್ದು ಟೀಚರಿಂದ ಓದಿಸಿದೆ. ಕಂದಾಯದ ಮಾತು ಎಲ್ಲಿಯೂ ಇರಲಿಲ್ಲ. ಹೆಬ್ಬೆಟ್ಟಿನ ಮೇಲಿನ ಸಾಲಿನಲ್ಲಿ, ಹೊಲವನ್ನು ರಜಾಮಂದಿಯಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿತ್ತು.