ಏಲಂಗೆ ಬಂದ ಪರಂಪರೆ

ಫೋರ್ಟ್ ಕೊಚ್ಚಿಯ ಚೀನೀ ಬಲೆಗಳ ಪಕ್ಕದಲ್ಲಿ ಬೆಳಗಿನ ಹೊತ್ತು ಮೀನು ಕೂಗಿ ಮಾರುತ್ತಾರೆ. ಮಲಯಾಳಿಗಳಿಗೆ ಅದು ‘ಲೇಲಂ’. ಪೋರ್ಚುಗೀಸರ ‘ಲೆಯ್ಲಾಂವ್’ ಈ ತೀರದಲ್ಲಿ ಇಳಿದು ಇಲ್ಲಿ ಲೇಲಂ ಆಯಿತು, ನಮ್ಮಲ್ಲಿ ಏಲಂ, ಲಿಲಾವು ಆಯಿತು. ಅದರ ಬೇರು ಅರಬ್ಬಿ. ‘ಹರಾಜು’ ಕೂಡ ಅರಬ್ಬಿಯದೇ. ಕೂಗಿ ಮಾರುವ ಕೆಲಸಕ್ಕೆ ನಾವು ಸಮುದ್ರದ ಕಡೆಯಿಂದಲೇ ಮಾತು ತಂದುಕೊಂಡವರು.

ಇದೇ ಊರಿನಲ್ಲಿ ಕೂತು ಹೋದ ತಿಂಗಳು ನಾನು ಅನುವಾದಿಸಿದ್ದು ಇನ್ನೊಂದು ಏಲಂನ ಕಾಗದ: ಸೀಮಿತ ಆವೃತ್ತಿಯ ದುಬಾರಿ ಕೈಗಡಿಯಾರದ ವಿವರಣೆ. ಒಂದೇ ಪುಟದಲ್ಲಿ ನಾಲ್ಕು ಸಲ ‘ನೌಕಾ ಪರಂಪರೆ’. ಯಾವ ನೌಕಾಪಡೆ, ಯಾವ ವರ್ಷ ಎಂಬುದು ಒಂದು ಸಲವೂ ಇಲ್ಲ.

ಆ ಮಾತಿಗೆ ನಿಜವಾದ ಹಕ್ಕಿರುವ ಗಡಿಯಾರಗಳು ಕೆಲವಿವೆ. ಫ್ಲಾರೆನ್ಸಿನ ಪನೆರಾಯ್ ಅಂಗಡಿ 1936ರಲ್ಲಿ ಇಟಲಿಯ ನೌಕಾಪಡೆಗೆ ಮಾದರಿ ಗಡಿಯಾರಗಳನ್ನು ಒದಗಿಸಿತು. ಒಳಗಿನ ಯಂತ್ರ ರೋಲೆಕ್ಸ್ ಕಡೆಯದು. ಕತ್ತಲಲ್ಲಿ ಅಂಕಿಗಳು ಹೊಳೆಯಲಿ ಎಂದು ಹಚ್ಚಿದ್ದು ರೇಡಿಯಂ. ಬೇಕಿದ್ದದ್ದು ಅಂದವಲ್ಲ, ನೀರಿನಡಿ ರಾತ್ರಿಯಲ್ಲಿ ಸಮಯ ಕಾಣುವುದು. ಇಂಥ ಗಡಿಯಾರಗಳನ್ನು ಕಟ್ಟುತ್ತಿದ್ದ ಮುಳುಗುಗಾರರ ದಳದ ಆರು ಮಂದಿ 1941ರ ಡಿಸೆಂಬರ್ 18ರ ರಾತ್ರಿ ಮೂರು ‘ಹಂದಿ’ಗಳ ಮೇಲೆ ಅಲೆಕ್ಸಾಂಡ್ರಿಯಾ ಬಂದರಿಗೆ ನುಗ್ಗಿದರು. ಹಂದಿ ಎಂದರೆ ಇಬ್ಬರು ಸವಾರಿ ಮಾಡುವ ನಿಧಾನದ ಟಾರ್ಪೆಡೊ, ಹೆಸರಿಟ್ಟವರು ಅವರೇ. ಬ್ರಿಟಿಷರ ಕ್ವೀನ್ ಎಲಿಜಬೆತ್ ಮತ್ತು ವೇಲಿಯಂಟ್ ಎಂಬ ಯುದ್ಧನೌಕೆಗಳ ಅಡಿಯಲ್ಲಿ ಸಿಡಿಮದ್ದು ಇಟ್ಟರು. ದಳದ ನಾಯಕ ಲುಯಿಜಿ ದುರಾಂದ್ ದೆ ಲಾ ಪೆನ್ನೆ ಸಿಕ್ಕಿಬಿದ್ದ. ಬಾಯಿ ಬಿಡಲಿ ಎಂದು ಅವನನ್ನು ವೇಲಿಯಂಟಿನ ತಳದಲ್ಲೇ ಕೂಡಿಹಾಕಿದರು. ಸ್ಫೋಟಕ್ಕೆ ಕೆಲವೇ ನಿಮಿಷ ಉಳಿದಾಗ ಕ್ಯಾಪ್ಟನ್ನನಿಗೆ, ಜನರನ್ನು ಇಳಿಸಿ ಎಂದ. ಮದ್ದು ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ. ಎರಡೂ ಹಡಗುಗಳು ಬಂದರಿನ ತಳಕ್ಕೆ ಕುಳಿತವು. ಅವನು ಬದುಕಿದ. ರಿಪೇರಿಯಾದ ಆ ಹಡಗುಗಳೇ 1944ರಲ್ಲಿ ನಮ್ಮ ಕಡೆಯ ಕಡಲಿಗೆ, ಶ್ರೀಲಂಕಾದ ಟ್ರಿಂಕೊಮಲಿಗೆ ಬಂದವು.

1993ರಲ್ಲಿ ಪನೆರಾಯ್ ಸೀಮಿತ ಸಂಖ್ಯೆಯಲ್ಲಿ ಜನಸಾಮಾನ್ಯರಿಗೆ ಮಾರತೊಡಗಿತು. ಜನಸಾಮಾನ್ಯರು ಅನ್ನುವುದು ಮಾತಿಗೆ. 1997ರಲ್ಲಿ ದೊಡ್ಡ ಐಷಾರಾಮಿ ಸಮೂಹವೊಂದು ಅದನ್ನು ಕೊಂಡಿತು. ಅಂದು ರೇಡಿಯಂ ಬಳಿದ ಹಳೆಯ ಮುಖಗಳ ಹೊಳಪು ಆರಿದೆ, ವಿಕಿರಣ ಆರಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು.

ನಮ್ಮ ನೌಕಾಪಡೆಯ ಪರಂಪರೆಯೂ ಹರಾಜಾಗಿದೆ, ಆದರೆ ತೂಕದ ಲೆಕ್ಕದಲ್ಲಿ. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದ ವಿಕ್ರಾಂತ್ 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಹೋಯಿತು. ಅದರ ಲೋಹ ಸ್ವಲ್ಪ ಬಜಾಜ್ ಬೈಕಿನಲ್ಲಿ ಸೇರಿತು. ವಿರಾಟ್ 2016ರ ಜುಲೈನಲ್ಲಿ ತನ್ನದೇ ಶಕ್ತಿಯಿಂದ ಕೊನೆಯ ಸಲ ಚಲಿಸಿ ಬಂದದ್ದು ಕೊಚ್ಚಿಗೆ. ಫೋರ್ಟ್ ಕೊಚ್ಚಿಗೂ ವೈಪೀನಿಗೂ ನಡುವಿನ ಇದೇ ಕಾಲುವೆಯಲ್ಲಿ ಒಳಬಂದ ಹಡಗನ್ನು ಅಕ್ಟೋಬರಿನಲ್ಲಿ ಟಗ್ಗುಗಳು ಹೊರಗೆ ಎಳೆದೊಯ್ದವು. 2020ರಲ್ಲಿ 38.54 ಕೋಟಿಗೆ ಅದು ಅಲಂಗ್ ಸೇರಿತು. ಈ ನಡುವೆ, 2017ರ ಅಕ್ಟೋಬರಿನಲ್ಲಿ, ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಒಂದು ರೋಲೆಕ್ಸ್ ನ್ಯೂಯಾರ್ಕಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಗಿತ್ತು. ಅಂದಿನ ಲೆಕ್ಕದಲ್ಲಿ ಸುಮಾರು 115 ಕೋಟಿ ರೂಪಾಯಿ, ಎರಡು ವಿಮಾನವಾಹಕಗಳನ್ನು ಸೇರಿಸಿದರೂ ಹೆಚ್ಚು. ನ್ಯೂಮನ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದವರು. ಗಡಿಯಾರ ಮಾತ್ರ ಕಾರ್ ರೇಸಿನದು.

‘ಪರಂಪರೆ’ ಎಂದರೆ ಒಂದರ ನಂತರ ಒಂದು. ಕೊಡುವವರು, ಪಡೆಯುವವರು ಇಬ್ಬರೂ ಬೇಕು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಹೊಸ ಹಡಗಿಗೆ ವಿಕ್ರಾಂತ್ ಎಂದೇ ಹೆಸರಿಟ್ಟು ಸೇವೆಗೆ ಸೇರಿಸಿದರಲ್ಲ, ಅಲ್ಲಿ ಆ ಪದ ಸರಿಯಾಗಿ ಕೂರುತ್ತದೆ. ನನ್ನ ಮುಂದಿದ್ದ ಗಡಿಯಾರಕ್ಕೆ ಕೂರಲಿಲ್ಲ. ಯಾವ ನೌಕಾಪಡೆ ಎಂದು ಕೇಳಿ ಬರೆದೆ, ಉತ್ತರ ಬರಲಿಲ್ಲ. ‘ನೌಕಾ ಶೈಲಿ’ ಎಂದು ಬರೆದು ಕಳಿಸಿದೆ. ತಿದ್ದಿ ಬಂದ ಪ್ರತಿಯಲ್ಲಿ ನಾಲ್ಕೂ ಕಡೆ ‘ಪರಂಪರೆ’ ವಾಪಸು ಬಂದಿತ್ತು. ನನ್ನ ಸಂಭಾವನೆ ಪದಕ್ಕಿಷ್ಟು ಎಂಬ ಲೆಕ್ಕದ್ದು, ಎರಡಕ್ಕೂ ಅಷ್ಟೇ.